ಕರಿಕೋಟಿನಿಂದ ಸಭಾಧ್ಯಕ್ಷ ಪೀಠಕ್ಕೆ

ಅಧ್ಯಾಪಕ ಮಿತ್ರರೇ, ಕಾನೂನು ಓದುತ್ತಿರುವ ಗೆಳೆಯರೇ,

ವಕೀಲಿ ಸನ್ನದು ಪಡೆದ ಮೇಲೆ ಚುನಾವಣೆಗೂ ನಿಲ್ಲಬೇಕು ಎನ್ನುವವರು ನಿಮ್ಮಲ್ಲಿ ಕೆಲವರಿದ್ದೀರಿ. ಆದ್ದರಿಂದ ಇವತ್ತು ಡಿ.ಬಿ. ಚಂದ್ರೇಗೌಡರಿಂದ ಮಾತು ಶುರು ಮಾಡುತ್ತೇನೆ.

ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯವರು, ಕಾನೂನು ಪದವೀಧರರು. 1971ರಲ್ಲಿ, ಮತ್ತೆ 1977ರಲ್ಲಿ ಚಿಕ್ಕಮಗಳೂರಿನಿಂದ ಲೋಕಸಭೆಗೆ ಗೆದ್ದರು. 1978ರಲ್ಲಿ ಇಂದಿರಾ ಗಾಂಧಿಯವರಿಗಾಗಿ ಆ ಸ್ಥಾನ ತೆರವು ಮಾಡಿದರು. ಜನ ಅವರನ್ನು ನೆನೆಯುವುದು ಆ ಒಂದು ರಾಜೀನಾಮೆಗೆ. ಆಮೇಲಿನದು ಅದಕ್ಕಿಂತ ಸ್ವಾರಸ್ಯದ್ದು: ವಿಧಾನ ಪರಿಷತ್ತು, ಅರಸು ಸಂಪುಟ, ತೀರ್ಥಹಳ್ಳಿಯಿಂದ ವಿಧಾನಸಭೆ, 1983ರಿಂದ 1985ರವರೆಗೆ ಸಭಾಧ್ಯಕ್ಷ ಪೀಠ, ರಾಜ್ಯಸಭೆ, ಎಸ್.ಎಂ. ಕೃಷ್ಣ ಸರ್ಕಾರದಲ್ಲಿ ಕಾನೂನು ಖಾತೆ. ಹೀಗೆ ನಾಲ್ಕೂ ಸದನ ಕಂಡವರು ವಿರಳ. ಪಕ್ಷಗಳನ್ನೂ ಬದಲಿಸಿದರು, ಕೊನೆಗೆ 2009ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರದ ಸಂಸದರಾದರು. ಅದನ್ನು ಗುಣವೆನ್ನಲಾರೆ.

ಸರಿ, ಇಂಥ ಬದುಕಿನಲ್ಲಿ ಕಾನೂನು ಪದವಿಗೆ ಏನು ಕೆಲಸ? ಭಾಷಣ ಅಂತ ನೀವು ಹೇಳಬಹುದು. ನಾನು ಒಪ್ಪುವುದಿಲ್ಲ. ಒಳ್ಳೆಯ ಭಾಷಣಕ್ಕೆ ಎಲ್‌ಎಲ್‌ಬಿ ಬೇಕಿಲ್ಲ, ಸಮಾಜವಾದಿ ಶಾಸಕ ಶಾಂತವೇರಿ ಗೋಪಾಲಗೌಡರನ್ನು ನೆನಪಿಸಿಕೊಳ್ಳಿ. ವಕೀಲ ಶಾಸಕನ ಅಗತ್ಯ ಬೀಳುವುದು ವಿಧೇಯಕವನ್ನು ಖಂಡವಾರು, ಅಂದರೆ ಅದರ ಒಂದೊಂದೇ ಅಂಶ ಹಿಡಿದು, ಪರ್ಯಾಲೋಚಿಸುವ ಹೊತ್ತಿಗೆ. ಅಷ್ಟು ಹೊತ್ತಿಗೆ ಗ್ಯಾಲರಿ ಖಾಲಿ, ಪತ್ರಕರ್ತರೂ ಎದ್ದಿರುತ್ತಾರೆ. ಇಡೀ ವಿಧೇಯಕ ಧ್ವನಿಮತದಲ್ಲಿ ಜಾರಿಹೋಗುವ ದಿನಗಳೇ ಹೆಚ್ಚು. ಆದರೆ ಹತ್ತು ವರ್ಷದ ನಂತರ ಯಾವನೋ ರೈತ ಕಚೇರಿ ಅಲೆಯಬೇಕೋ ಬೇಡವೋ ಎಂಬುದು ತೀರ್ಮಾನವಾಗುವುದು ಅಲ್ಲೇ.

ಕರ್ನಾಟಕದ ಭೂಸುಧಾರಣಾ ಕಾಯ್ದೆಯನ್ನೇ ನೋಡಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಗೇಣಿದಾರರು ಜಮೀನಿನ ಹಕ್ಕು ಕೋರುವ ಅರ್ಜಿ, ಅಂದರೆ ಫಾರಂ ನಂಬರ್ 7, ತುಂಬಿ ಭೂ ನ್ಯಾಯಮಂಡಳಿಗೆ ಹೋಗುವ ವ್ಯವಸ್ಥೆ ಆಯಿತು. ಅದೇ ಕಾಯ್ದೆಯ 48ನೇ ಪ್ರಕರಣದ 8ನೇ ಉಪಪ್ರಕರಣ, ಮಂಡಳಿಯ ಮುಂದೆ ವಕೀಲರು ಹಾಜರಾಗಕೂಡದು ಎಂದಿತು. ಕಾರ್ಕಳದ ವೀರಪ್ಪ ಮೊಯಿಲಿಯವರಂಥ ವಕೀಲರು ಕೂತಿದ್ದ ಸದನ, ವಕೀಲರನ್ನೇ ಬಾಗಿಲಾಚೆ ನಿಲ್ಲಿಸಿತು! ಕಾರಣ ಊಹಿಸುವುದು ಕಷ್ಟವಲ್ಲ. ಧಣಿಗೆ ಜಿಲ್ಲೆಯ ದೊಡ್ಡ ವಕೀಲ ಸಿಗುತ್ತಾನೆ, ಗೇಣಿದಾರನಿಗೆ ಬಸ್ ಚಾರ್ಜಿಗೂ ತತ್ವಾರ. ನನ್ನ ದೃಷ್ಟಿಯಲ್ಲಿ ಅದು ನಮ್ಮ ಶಾಸನಸಭೆಯ ದೊಡ್ಡ ಗಳಿಗೆಗಳಲ್ಲಿ ಒಂದು. ಸ್ವಂತ ವೃತ್ತಿಯ ಹಿತ ಬದಿಗಿಟ್ಟು ಯೋಚಿಸುವುದು ನಮ್ಮವರಿಗೆ ಸುಲಭವಲ್ಲ. 1987ರಲ್ಲಿ ಸುಪ್ರೀಂ ಕೋರ್ಟ್ ಭೂಸುಧಾರಣೆಯನ್ನು ಎತ್ತಿಹಿಡಿದು, ಈ ನಿರ್ಬಂಧ ಮಾತ್ರ ನಿಲ್ಲದು ಎಂದಿತು. ವಕೀಲಿ ಮಾಡುವ ಹಕ್ಕು ಕೇಂದ್ರದ ಶಾಸನಕ್ಕೆ ಸೇರಿದ್ದು, ರಾಜ್ಯ ಅದನ್ನು ಮೊಟಕುಗೊಳಿಸುವಂತಿಲ್ಲ. ಉದ್ದೇಶ ಒಳ್ಳೆಯದಿದ್ದರೂ ಅಧಿಕಾರದ ಗಡಿ ದಾಟಿದ ಖಂಡ ಉಳಿಯುವುದಿಲ್ಲ. ಕರಡು ಓದುವಾಗ ಈ ಪ್ರಶ್ನೆಯನ್ನು ಎತ್ತಬೇಕಾದವನೇ ವಕೀಲ ಶಾಸಕ.

ಶಾಸಕರಾದ ಮೇಲೆ ಕೋರ್ಟಿಗೆ ಹೋಗಬಹುದೇ ಎಂದು ಕೇಳುವವರಿಗೆ: ಹೋಗಬಹುದು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟಪಡಿಸಿದೆ.

ಇನ್ನು ಸಭಾಧ್ಯಕ್ಷ ಪೀಠ. ಚಂದ್ರೇಗೌಡರು ಅಲ್ಲಿ ಕೂತ ಕಾಲಕ್ಕೂ ಈಗಿನದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿತು, ಪಕ್ಷಾಂತರದ ದೂರುಗಳಿಗೆ ಸ್ಪೀಕರ್ ನ್ಯಾಯಾಧೀಶರಾದರು. ಆದರೆ ಅವರು ಪಕ್ಷದ ಚೀಟಿಯಲ್ಲೇ ಗೆದ್ದು ಬಂದವರು. ಈ ಇಕ್ಕಟ್ಟು ಕರ್ನಾಟಕಕ್ಕೆ ಚೆನ್ನಾಗಿ ಗೊತ್ತು. 2010ರ ಅಕ್ಟೋಬರ್‌ನಲ್ಲಿ ಸ್ಪೀಕರ್ 11 ಬಿಜೆಪಿ ಶಾಸಕರನ್ನೂ 5 ಪಕ್ಷೇತರರನ್ನೂ ಅನರ್ಹಗೊಳಿಸಿದರು. ಮರುವರ್ಷ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಗಳನ್ನು ರದ್ದು ಮಾಡಿತು. ಸಹಜ ನ್ಯಾಯ ಪಾಲನೆಯಾಗಿಲ್ಲ ಎಂಬುದು ಒಂದು ಮುಖ್ಯ ಕಾರಣ. ಎದುರಾಳಿಗೆ ಉತ್ತರಿಸಲು ಸಾಕಷ್ಟು ಸಮಯ ಕೊಡಬೇಕೆಂಬ ಪಾಠ ನಿಮಗೆ ಮೊದಲ ವರ್ಷದಲ್ಲೇ ಬರುತ್ತದೆ, ಪರೀಕ್ಷೆಯಲ್ಲಿ ಅದಕ್ಕೆ ಹತ್ತು ಅಂಕವೂ ಸಿಗಬಹುದು. ಪ್ರಶ್ನೆಗಳಿದ್ದರೆ ಕೇಳಿ.