ಎಂಟು ವರ್ಷದ ವಾರಂಟಿ ಅಂದರೆ ಯಾವುದಕ್ಕೆ, ಯಾರಿಗೆ?

ಎಲ್ಲರಿಗೂ ನಮಸ್ಕಾರ.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 18ಕ್ಕೆ ಇಳಿಯಿತು. ಅದಾದ ಮೇಲೆ ಮೊದಲ ಸಲ ಕಾರು ಕೊಳ್ಳಲು ಹೊರಟವರು ಇಲ್ಲೂ ಇರಬಹುದು. ಶೋರೂಮಿನಲ್ಲಿ ಮೈಲೇಜು, ಸ್ಕ್ರೀನು, ಸನ್‌ರೂಫು ಎಲ್ಲ ಮುಗಿದ ಮೇಲೆ ಒಂದು ಮಾತು ಬಂದೇ ಬರುತ್ತದೆ. ‘ಎಂಟು ವರ್ಷ ವಾರಂಟಿ ಇದೆ, ನೀವು ಯೋಚನೆನೇ ಮಾಡಬೇಡಿ.’ ಇವತ್ತು ಆ ಮಾತಿನ ಬಗ್ಗೆಯೇ ಯೋಚನೆ ಮಾಡೋಣ. ಆ ಎಂಟು ವರ್ಷ ಕಾರಿನ ಯಾವ ಭಾಗಕ್ಕೆ? ಯಾರ ಹೆಸರಿನಲ್ಲಿ ಕಾರು ಇದ್ದರೆ? ಏನು ಮಾಡಿದರೆ ಅದು ಕೈತಪ್ಪುತ್ತದೆ?

ಉತ್ತರ ಇರುವುದು ವಾರಂಟಿ ಪುಸ್ತಕದಲ್ಲಿ. ಆ ಪುಸ್ತಕ ನಮ್ಮ ಕೈಗೆ ಬರುವುದು ಯಾವಾಗ ಹೇಳಿ? ದುಡ್ಡೆಲ್ಲ ಕಟ್ಟಿ, ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಮನೆಗೆ ಬಂದ ಮೇಲೆ. ಒಪ್ಪಂದಕ್ಕೆ ಮೊದಲೇ ಒಪ್ಪಿಕೊಂಡು, ಆಮೇಲೆ ಓದುತ್ತೇವೆ. ಇದು ನನಗೆ ಸರಿ ಕಾಣುವುದಿಲ್ಲ. ಬುಕಿಂಗ್ ಹಣ ಕೊಡುವ ಮುಂಚೆಯೇ ಆ ಪುಸ್ತಕ ಕೇಳಿ. ಕಂಪನಿಯ ವೆಬ್‌ಸೈಟಿನಲ್ಲೂ ಹುಡುಕಿ. ಕೊಡಲ್ಲ ಅಂದರೆ ಅದೂ ಒಂದು ಉತ್ತರವೇ.

ಉದ್ದನೆಯ ವಾರಂಟಿಗೆ ಹೆಸರಾದ ಒಂದು ಕಥೆ ಅಮೆರಿಕದ್ದು. ಹ್ಯುಂಡೈ ಕಂಪನಿ 1986ರಲ್ಲಿ ಅಲ್ಲಿಗೆ ಎಕ್ಸೆಲ್ ಎಂಬ ಅಗ್ಗದ ಕಾರು ತಂದಿತು. ಮೊದಮೊದಲು ಚೆನ್ನಾಗಿ ಮಾರಾಟವಾಯಿತು. ಆಮೇಲೆ ಗುಣಮಟ್ಟದ ವಿಷಯದಲ್ಲಿ ಹೆಸರು ಕೆಟ್ಟಿತು. ಜನರ ನಂಬಿಕೆ ವಾಪಸ್ ಗಳಿಸಲು 1998ರಲ್ಲಿ ಕಂಪನಿ 10 ವರ್ಷ ಅಥವಾ 1 ಲಕ್ಷ ಮೈಲಿಯ ವಾರಂಟಿ ಘೋಷಿಸಿತು. ಅದು ನಿಜಕ್ಕೂ ಧೈರ್ಯದ ಹೆಜ್ಜೆ. ಆದರೆ ಆ ಹತ್ತು ವರ್ಷ ಎಂಜಿನ್, ಗೇರ್‌ಬಾಕ್ಸ್ ಮತ್ತು ಚಕ್ರಕ್ಕೆ ಶಕ್ತಿ ಸಾಗಿಸುವ ಭಾಗಗಳಿಗೆ ಮಾತ್ರ. ಉಳಿದ ಕಾರಿಗೆ 5 ವರ್ಷ ಅಥವಾ 60,000 ಮೈಲಿ. ಹತ್ತು ವರ್ಷದ ಮಾತು ಮೊದಲ ಮಾಲೀಕರಿಗೆ ಮಾತ್ರ. ಕಾರು ಮಾರಿದರೆ, ಕೊಂಡವರಿಗೆ ಎಂಜಿನ್ನಿನ ವಾರಂಟಿಯೂ ಮೊದಲ ದಿನದಿಂದ ಲೆಕ್ಕ ಹಾಕಿ 5 ವರ್ಷ, 60,000 ಮೈಲಿಗೆ ಇಳಿಯುತ್ತದೆ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ಅಂಕಿ, ಅತಿ ಹೆಚ್ಚು ಕಾಲದ ಭರವಸೆ ಇರುವ ಭಾಗದ್ದು. ಇಡೀ ಕಾರಿನದ್ದಲ್ಲ. ಅಮೆರಿಕದಲ್ಲಿರುವ ನಿಮ್ಮ ಮಕ್ಕಳು ಹಳೆ ಕಾರು ಕೊಳ್ಳುವಾಗ ಈ ವಿಷಯ ತಪ್ಪದೆ ಹೇಳಿ.

ಈಗ ನಮ್ಮಲ್ಲಿಗೆ ಬರೋಣ. ಮಾರುತಿ ಸುಜುಕಿ 2024ರ ಜುಲೈಯಲ್ಲಿ ತನ್ನ ಮಾಮೂಲಿ ವಾರಂಟಿಯನ್ನು 2 ವರ್ಷ, 40,000 ಕಿಲೋಮೀಟರಿನಿಂದ 3 ವರ್ಷ, 1 ಲಕ್ಷ ಕಿಲೋಮೀಟರಿಗೆ ಏರಿಸಿತು. ಒಳ್ಳೆಯದೇ. ಇದರ ಪಕ್ಕದಲ್ಲಿ ‘ಯಾವುದು ಮೊದಲೋ ಅದು’ ಅಂತ ಇರುತ್ತದೆ. ದಿನಕ್ಕೆ 40 ಕಿಲೋಮೀಟರ್ ಓಡಿಸಿ ಆಫೀಸಿಗೆ ಹೋಗಿಬರುವವರಿಗೆ ವರ್ಷಕ್ಕೆ 12,000 ಆಗಬಹುದು. ಅವರಿಗೆ ಮೂರು ವರ್ಷವೇ ಮೊದಲು ಮುಗಿಯುತ್ತದೆ. ದಿನಕ್ಕೆ 200 ಓಡಿಸುವ ಟ್ಯಾಕ್ಸಿಯವರಿಗೆ 500 ದಿನಕ್ಕೇ ಲಕ್ಷ ಆಗಿಹೋಗುತ್ತದೆ. ಅಂದರೆ ಒಂದೂವರೆ ವರ್ಷವೂ ಪೂರ್ತಿ ಸಿಗುವುದಿಲ್ಲ. ಹಳದಿ ಬೋರ್ಡಿಗೆ ಬೇರೆಯೇ, ಕಡಿಮೆ ಅವಧಿ ಇಟ್ಟಿರುವ ಕಂಪನಿಗಳೂ ಇವೆ. ಟ್ಯಾಕ್ಸಿಗೆ ಅಂತ ಕೊಳ್ಳುವವರು ಆ ಸಾಲನ್ನು ಹುಡುಕಿ ಓದಲೇಬೇಕು.

ಎಲೆಕ್ಟ್ರಿಕ್ ಕಾರಿನಲ್ಲಿ ಬಹಳ ಕಡೆ ಕೇಳಿಬರುವುದು 8 ವರ್ಷ, 1,60,000 ಕಿಲೋಮೀಟರ್. 1,60,000 ಅಂದರೆ ಹೆಚ್ಚುಕಡಿಮೆ 1 ಲಕ್ಷ ಮೈಲಿ. ಇದು ದೊಡ್ಡ ಬ್ಯಾಟರಿಗೆ, ಕೆಲವು ಕಡೆ ಮೋಟರಿಗೂ. ಎಸಿ, ಸ್ಕ್ರೀನು, ಸ್ಟೀರಿಂಗ್, ಬಾಗಿಲಿನ ಗ್ಲಾಸ್ ಇಳಿಸುವ ಮೋಟರು, ಇವೆಲ್ಲ ಮಾಮೂಲಿ ವಾರಂಟಿಯಲ್ಲೇ ಮುಗಿಯುತ್ತವೆ.

ಇತ್ತೀಚೆಗೆ ಇನ್ನೂ ಮುಂದೆ ಹೋಗಿ ‘ಲೈಫ್‌ಟೈಮ್’ ಬ್ಯಾಟರಿ ವಾರಂಟಿ ಬಂದಿದೆ. ಎಂಜಿ ವಿಂಡ್ಸರ್, ಮಹೀಂದ್ರ ಬಿಇ 6 ಮತ್ತು ಎಕ್ಸ್‌ಇವಿ 9ಇ, ಟಾಟಾ ಹ್ಯಾರಿಯರ್ ಇವಿ, ಇವೆಲ್ಲ ಈ ಮಾತಿನೊಂದಿಗೇ ಮಾರುಕಟ್ಟೆಗೆ ಬಂದವು. ಟಾಟಾ ಹೇಳುವ ಲೈಫ್‌ಟೈಮ್ ಅಂದರೆ ಮೊದಲ ನೋಂದಣಿಯಿಂದ 15 ವರ್ಷ. ಮಹೀಂದ್ರದಲ್ಲಿ ಕಾರು ಕೈ ಬದಲಾದರೆ 10 ವರ್ಷ ಅಥವಾ 2 ಲಕ್ಷ ಕಿಲೋಮೀಟರ್ ಎಂಬ ಮಿತಿ ಬರುತ್ತದೆ. ಮೂರೂ ಕಂಪನಿಗಳಲ್ಲಿ ಪೂರ್ತಿ ಭರವಸೆ ಮೊದಲ ಮಾಲೀಕರಿಗೆ. ಹತ್ತು ಹದಿನೈದು ವರ್ಷದ ಬ್ಯಾಟರಿ ಭರವಸೆ ನಿಜಕ್ಕೂ ದೊಡ್ಡದು, ಅದನ್ನು ನಾನು ಕಡೆಗಣಿಸುತ್ತಿಲ್ಲ. ಆದರೆ ಮೊದಲ ಮಾಲೀಕರು ಯಾರು ಅನ್ನುವ ಪ್ರಶ್ನೆ ನೋಡುವಷ್ಟು ಸುಲಭ ಅಲ್ಲ.

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ತೆರಿಗೆ ಉಳಿಸಲು ಲೀಸ್ ಮೇಲೆ ಕಾರು ತೆಗೆದುಕೊಳ್ಳುವವರು ಬಹಳ ಜನ. ಅಂಥ ಕಾರಿನ ಆರ್‌ಸಿ ಎಷ್ಟೋ ಸಲ ಲೀಸ್ ಕೊಟ್ಟ ಸಂಸ್ಥೆಯ ಹೆಸರಿನಲ್ಲಿರುತ್ತದೆ. ಮೂರ್ನಾಲ್ಕು ವರ್ಷ ಆದ ಮೇಲೆ ಉದ್ಯೋಗಿಯ ಹೆಸರಿಗೆ ವರ್ಗವಾಗುತ್ತದೆ. ಕಾಗದದ ಲೆಕ್ಕದಲ್ಲಿ ನೀವು ಎರಡನೆಯ ಮಾಲೀಕರು! ಮೊದಲ ದಿನದಿಂದ ಓಡಿಸಿದವರು ನೀವೇ ಆದರೂ. ತಂದೆಯ ಹೆಸರಿನಲ್ಲಿದ್ದ ಕಾರು ಅವರು ತೀರಿಕೊಂಡ ಮೇಲೆ ಮಗಳ ಹೆಸರಿಗೆ ಬಂದರೆ? ಪುಸ್ತಕದಲ್ಲಿ ಇದಕ್ಕೆ ಉತ್ತರ ಕಾಣದಿದ್ದರೆ ಕಂಪನಿಗೆ ಇಮೇಲ್ ಮಾಡಿ, ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಸೇಲ್ಸ್‌ನವರ ಬಾಯಿಮಾತು ಬೇಡ. ಅವರು ಎಂಟು ತಿಂಗಳಿಗೆ ಬೇರೆ ಕಡೆ ಕೆಲಸಕ್ಕೆ ಹೋಗಿರುತ್ತಾರೆ.

ಬ್ಯಾಟರಿ ವಿಷಯದಲ್ಲಿ ಇನ್ನೊಂದು ಮಾತು ಕೇಳಲೇಬೇಕು. ಬ್ಯಾಟರಿ ಒಮ್ಮೆಲೇ ಸಾಯುವುದು ಅಪರೂಪ. ವರ್ಷ ಕಳೆದಂತೆ ಸ್ವಲ್ಪ ಸ್ವಲ್ಪ ಶಕ್ತಿ ಕಳೆದುಕೊಳ್ಳುತ್ತದೆ. ಎಷ್ಟು ಕಳೆದುಕೊಂಡರೆ ಅದು ದೋಷ, ಎಷ್ಟಾದರೆ ಸಹಜ? ಅನೇಕ ಕಂಪನಿಗಳು ಮೊದಲಿನ ಸಾಮರ್ಥ್ಯದ ಶೇ 70ಕ್ಕಿಂತ ಕೆಳಗೆ ಇಳಿದರೆ ಮಾತ್ರ ದೋಷ ಅಂತ ಒಪ್ಪುತ್ತವೆ. ನಿಮ್ಮ ಪುಸ್ತಕದಲ್ಲಿ ಆ ಅಂಕಿ ಬರೆದಿದೆಯಾ ನೋಡಿ. ಅಳೆಯುವವರು ಯಾರು, ವರದಿ ನಿಮಗೆ ಕೊಡುತ್ತಾರಾ ಅಂತಲೂ ನೋಡಿ. ಅಂಕಿಯೇ ಇಲ್ಲದ ಭರವಸೆಯನ್ನು ಮುಂದೆ ರುಜುವಾತು ಮಾಡುವುದು ಕಷ್ಟ.

ಇನ್ನು ವಾರಂಟಿಗೆ ಸೇರದ ಭಾಗಗಳು. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್, ಫಿಲ್ಟರ್, ಬಲ್ಬ್, ಫ್ಯೂಸ್ ಸಾಮಾನ್ಯವಾಗಿ ‘ಸವೆಯುವ ಭಾಗ’ದ ಪಟ್ಟಿಯಲ್ಲಿರುತ್ತವೆ. ಟೈರು ಮತ್ತು 12 ವೋಲ್ಟ್ ಬ್ಯಾಟರಿಗೆ ಅವುಗಳನ್ನು ತಯಾರಿಸಿದವರದ್ದೇ ವಾರಂಟಿ, ಕಾರು ಕಂಪನಿಯದ್ದಲ್ಲ. ಜಗಳ ಹುಟ್ಟುವುದು ಮಧ್ಯದ ಭಾಗಗಳಲ್ಲಿ. ಸಸ್ಪೆನ್ಷನ್ನಿನ ರಬ್ಬರ್ ಬುಶ್ ನಮ್ಮ ರಸ್ತೆಯಲ್ಲಿ ಬೇಗ ಹಾಳಾಗುತ್ತದೆ. ಅದು ದೋಷವಾ, ಸವೆತವಾ? ಕೆಲವು ಕಂಪನಿಗಳು ರಬ್ಬರಿನ ಭಾಗಗಳಿಗೆ ಮೊದಲ ಒಂದು ವರ್ಷ ಅಥವಾ ಇಂತಿಷ್ಟು ಕಿಲೋಮೀಟರ್ ಅಂತ ಬೇರೆ ಮಿತಿ ಇಟ್ಟಿರುತ್ತವೆ. ‘ಶಬ್ದ, ಕಂಪನ ಇತ್ಯಾದಿ ಕಾರಿನ ಸಹಜ ಗುಣ’ ಎಂಬ ಸಾಲು ಕೂಡ ಸಾಮಾನ್ಯ. ಗಾಡಿ ಕೆಟ್ಟು ನಿಂತಾಗ ನೀವು ಕೊಟ್ಟ ಟ್ಯಾಕ್ಸಿ ಬಾಡಿಗೆ, ತಪ್ಪಿಹೋದ ಕೆಲಸ, ಇದಕ್ಕೆಲ್ಲ ನಾವು ಹೊಣೆಯಲ್ಲ ಅಂತಲೂ ಬರೆದಿರುತ್ತಾರೆ.

ಮಳೆ ನೀರಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಹೊರ ವರ್ತುಲ ರಸ್ತೆ ಮುಳುಗಿದ್ದು ನೆನಪಿದೆ ಅಲ್ವಾ? ಬೇಸ್‌ಮೆಂಟಿನಲ್ಲಿ ಕಾರುಗಳು ನೀರು ಕುಡಿದು ನಿಂತವು. ನೀರು ನುಗ್ಗಿದ ಎಂಜಿನ್ನನ್ನು ಸ್ಟಾರ್ಟ್ ಮಾಡಿದರೆ ಸಿಲಿಂಡರಿನ ಒಳಗಿನ ನೀರನ್ನು ಪಿಸ್ಟನ್ ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದು ವಾರಂಟಿಗೆ ಬರುವುದೇ ಇಲ್ಲ, ಕಾರು ಮೊನ್ನೆ ತಂದಿದ್ದರೂ ಬರುವುದಿಲ್ಲ. ಮಾಮೂಲಿ ವಿಮೆಯಲ್ಲೂ ಕಷ್ಟ. ಎಂಜಿನ್ ಪ್ರೊಟೆಕ್ಷನ್ ಎಂಬ ಹೆಚ್ಚುವರಿ ವಿಮೆ ಬೇಕು. ಇಲಿ ವೈರ್ ಕಡಿದರೂ ವಾರಂಟಿ ಇಲ್ಲ. ವಾರಂಟಿ ತಯಾರಿಕೆಯ ತಪ್ಪಿಗೆ, ವಿಮೆ ಹೊರಗಿನಿಂದ ಬಂದ ಅಪಾಯಕ್ಕೆ. ನೀರು ತುಂಬಿದ ಕಡೆ ಕಾರು ನಿಂತಿದ್ದರೆ ದಯವಿಟ್ಟು ಸ್ಟಾರ್ಟ್ ಮಾಡಬೇಡಿ, ಎಳೆಸಿಕೊಂಡು ಹೋಗಿ.

ಹೊರಗಡೆ ಹಾಕಿಸುವ ದೀಪ, ಹಾರ್ನು, ಕ್ಯಾಮೆರಾ, ಸಿಎನ್‌ಜಿ ಕಿಟ್ ಕೂಡ ತೊಂದರೆ ತರುತ್ತವೆ. ವೈರ್ ಕತ್ತರಿಸಿ ಜೋಡಿಸಿದ್ದರೆ ಇಡೀ ವೈರಿಂಗಿನ ವಾರಂಟಿ ಹೋಯಿತು ಅಂತ ಹೇಳುತ್ತಾರೆ. ಹಾಕಿಸಲೇಬೇಕು ಅಂದರೆ ವೈರ್ ಕತ್ತರಿಸದೆ ಕಪ್ಲರಿಗೇ, ಅಂದರೆ ವೈರಿನ ತುದಿಯ ಪ್ಲಗ್ಗಿಗೇ, ಜೋಡಿಸುವಂಥದ್ದು ಹಾಕಿಸಿ.

ಹೊರಗಿನ ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸಿದರೆ ವಾರಂಟಿ ಪೂರ್ತಿ ಹೋಗುತ್ತದಾ? ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳ ಮೇಲೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ಪೂರ್ತಿ ರದ್ದು ಎಂಬ ಷರತ್ತು ಹಾಕಬಾರದು ಅಂತಲೂ ಹೇಳಿತು. ಹೊರಗಿನವರ ಕೆಟ್ಟ ಕೆಲಸದಿಂದ ಯಾವ ಹಾನಿ ಆಯಿತೋ ಅಷ್ಟಕ್ಕೆ ಮಾತ್ರ ವಾರಂಟಿ ನಿರಾಕರಿಸಬಹುದು. ಕಂಪನಿಗಳು ಮೇಲ್ಮನವಿಗೆ ಹೋದವು, ಆದ್ದರಿಂದ ಇದನ್ನೇ ಕೊನೆಯ ಮಾತು ಅಂದುಕೊಳ್ಳಬೇಡಿ. ಆದರೂ ಆ ವಾದದಲ್ಲಿ ನ್ಯಾಯ ಇದೆ. ಅಮೆರಿಕದಲ್ಲಿ 1975ರ ಕಾನೂನೇ ಇದನ್ನು ಹೇಳುತ್ತದೆ. ನಮ್ಮಲ್ಲೂ ಅಷ್ಟು ಸ್ಪಷ್ಟವಾದ ಕಾನೂನು ಬರಬೇಕು ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ನನ್ನ ಸಲಹೆ ಒಂದೇ. ವಾರಂಟಿ ಇರುವಷ್ಟು ಕಾಲ ಸರ್ವಿಸನ್ನು ಕಂಪನಿಯ ಕಡೆಯೇ, ಹೇಳಿದ ದಿನ ಮತ್ತು ಕಿಲೋಮೀಟರಿನ ಒಳಗೆ ಮಾಡಿಸಿ. ಕಾರು ಓಡಲೇ ಇಲ್ಲ, ಸುಮ್ನೆ ನಿಂತಿತ್ತು ಅಂತ ವರ್ಷದ ಸರ್ವಿಸ್ ಬಿಡಬೇಡಿ. ಎಲ್ಲ ಬಿಲ್ಲುಗಳ ಫೋಟೋ ಇಟ್ಟುಕೊಳ್ಳಿ. ಮಸುಕಾಗುವ ಕಾಗದದಲ್ಲಿ ಪ್ರಿಂಟ್ ಕೊಡುವ ಕಡೆಗಳಿವೆ.

ವಾರಂಟಿ ಗೆಲ್ಲುವುದು ಅಥವಾ ಸೋಲುವುದು ಜಾಬ್ ಕಾರ್ಡಿನಲ್ಲಿ. ಗಾಡಿ ಬಿಡುವಾಗ ಸರ್ವಿಸ್ ಅಡ್ವೈಸರ್ ನೀವು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ನೀವು ‘ಎರಡನೇ ಗೇರಿನಿಂದ ಮೂರಕ್ಕೆ ಹಾಕುವಾಗ, ಗಾಡಿ ಬಿಸಿಯಾದ ಮೇಲೆ, ಕಟಕಟ ಶಬ್ದ ಬರುತ್ತದೆ’ ಅಂತ ಹೇಳಿರುತ್ತೀರಿ. ಅವರು ‘ಜನರಲ್ ಚೆಕಪ್’ ಅಂತ ಬರೆದಿರುತ್ತಾರೆ. ಮುಂದೆ ಗೇರ್‌ಬಾಕ್ಸ್ ಕೈಕೊಟ್ಟಾಗ ನೀವು ಮೊದಲೇ ದೂರು ಕೊಟ್ಟಿದ್ದಕ್ಕೆ ಸಾಕ್ಷಿಯೇ ಇಲ್ಲ. ಆದ್ದರಿಂದ ನಿಮ್ಮ ಮಾತು ಹಾಗೇ ಬರೆಯಿಸಿ. ಓದಿ ನೋಡಿ ಸಹಿ ಹಾಕಿ. ಪ್ರತಿ ತೆಗೆದುಕೊಳ್ಳಿ. ‘ಏನೂ ಕಂಡುಬಂದಿಲ್ಲ’ ಅಂತ ವಾಪಸ್ ಕೊಟ್ಟರೂ ಆ ಕಾಗದಕ್ಕೆ ಬೆಲೆ ಇದೆ. ಶಬ್ದ ಬಂದಾಗ ಮೊಬೈಲಿನಲ್ಲಿ ಓಡೋಮೀಟರ್ ಕಾಣುವಂತೆ ವಿಡಿಯೋ ಮಾಡಿಸಿ, ಪಕ್ಕದಲ್ಲಿ ಕೂತವರಿಂದ.

ವಾರಂಟಿ ಮುಗಿಯಲು ಒಂದು ತಿಂಗಳು ಇರುವಾಗ ‘ಇನ್ನೂ ಸ್ವಲ್ಪ ದಿನ ಓಡಿಸಿ ನೋಡಿ, ಮುಂದಿನ ಸರ್ವಿಸಿನಲ್ಲಿ ನೋಡೋಣ’ ಅಂದರೆ ಬಹಳ ಎಚ್ಚರ. ಆ ಮಾತನ್ನೂ ಜಾಬ್ ಕಾರ್ಡಿನಲ್ಲಿ ಬರೆಯಿಸಿ, ಇಲ್ಲವೇ ಅವತ್ತೇ ಇಮೇಲ್ ಹಾಕಿ. ವಾರಂಟಿಯಲ್ಲಿ ಬದಲಿಸಿದ ಹಳೆ ಭಾಗ ಸಾಮಾನ್ಯವಾಗಿ ಕಂಪನಿಯ ಸ್ವತ್ತು, ನಿಮಗೆ ಸಿಗುವುದಿಲ್ಲ. ಬಿಚ್ಚಿದಾಗ ಫೋಟೋ ಕೇಳಿ. ಹೊಸದಾಗಿ ಹಾಕಿದ ಭಾಗಕ್ಕೆ ಹೊಸ ವಾರಂಟಿ ಶುರುವಾಗುತ್ತದೆ ಅಂದುಕೊಳ್ಳಬೇಡಿ. ಬಹುಪಾಲು ಷರತ್ತುಗಳಲ್ಲಿ ಅದು ಕಾರಿನ ಮೂಲ ವಾರಂಟಿಯ ಜೊತೆಗೇ ಮುಗಿಯುತ್ತದೆ.

ಹಣ ಕೊಟ್ಟು ಕೊಳ್ಳುವ ಎಕ್ಸ್‌ಟೆಂಡೆಡ್ ವಾರಂಟಿ ಬೇರೆಯೇ ಒಪ್ಪಂದ. ಮೊದಲ ವಾರಂಟಿಯಲ್ಲಿದ್ದ ಎಲ್ಲ ಭಾಗಗಳೂ ಇದರಲ್ಲಿ ಇರಲೇಬೇಕು ಅಂತಿಲ್ಲ. ಕೆಲವದರಲ್ಲಿ ಕ್ಲೇಮಿಗೆ ಒಟ್ಟು ಮಿತಿ ಇರುತ್ತದೆ. ಟರ್ಬೊ, ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಜಾಸ್ತಿ ಎಲೆಕ್ಟ್ರಾನಿಕ್ಸ್ ಇರುವ ಕಾರಿಗೆ ತೆಗೆದುಕೊಳ್ಳುವುದು ಒಳ್ಳೆಯದು ಅಂತ ನನ್ನ ಅನಿಸಿಕೆ. ಮಾಮೂಲಿ ವಾರಂಟಿ ಮುಗಿಯುವ ಮೊದಲೇ ಕೊಳ್ಳಬೇಕು, ತಡ ಮಾಡಿದಷ್ಟೂ ಬೆಲೆ ಏರುವುದು ಸಾಮಾನ್ಯ.

ಕಂಪನಿಯವರು ಮಾತು ಕೇಳದಿದ್ದರೆ ಏನು ಮಾಡುವುದು? ‘ಕಾರನ್ನೇ ಬದಲಿಸಿ ಕೊಡಿ’ ಎಂಬ ಬೇಡಿಕೆ ಸುಲಭ ಅಲ್ಲ. ಕ್ಲಚ್ ತೊಂದರೆಯ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದ್ದೇನೆಂದರೆ, ವಾರಂಟಿಯಲ್ಲಿ ದೋಷದ ಭಾಗ ರಿಪೇರಿ ಅಥವಾ ಬದಲಾವಣೆ ಅಂತಷ್ಟೇ ಇದ್ದರೆ ಇಡೀ ಕಾರು ಬದಲಿಸಿ ಅಂತ ಆದೇಶಿಸಲಾಗದು. ಆ ಪುಟ್ಟ ಸಾಲು ಅಷ್ಟು ಕೆಲಸ ಮಾಡುತ್ತದೆ. ಆದರೆ ದೋಷದ ರಿಪೇರಿ, ಭಾಗದ ಬದಲಾವಣೆ, ಸೇವೆಯಲ್ಲಿ ಕೊರತೆಗೆ ಪರಿಹಾರ ಕೇಳುವ ಹಕ್ಕು ನಿಮಗೆ ಪೂರ್ತಿ ಇದೆ.

ಮೊದಲು 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾನೂನಿನ ಪ್ರಕಾರ ನೀವು ವಾಸ ಮಾಡುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿ ದೆಹಲಿಯಲ್ಲಿದೆ ಅಂತ ಹುಬ್ಬಳ್ಳಿಯವರು ಅಲ್ಲಿಗೆ ಹೋಗಬೇಕಿಲ್ಲ. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗವೇ ಸಾಕು. 5 ಲಕ್ಷದವರೆಗೆ ಶುಲ್ಕ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ. ಒಂದು ಟ್ಯಾಕ್ಸಿ ಇಟ್ಟುಕೊಂಡು ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವರೂ ಗ್ರಾಹಕರೇ. ‘ನಿಮ್ಮದು ವಾಣಿಜ್ಯ ಬಳಕೆ’ ಅಂತ ಯಾರಾದರೂ ಹೆದರಿಸಿದರೆ ಹಿಂದೆ ಸರಿಯಬೇಡಿ. ಷರತ್ತೇ ಅನ್ಯಾಯದ್ದು ಅಂತ ಪ್ರಶ್ನಿಸುವುದಾದರೆ ಮಾತ್ರ ರಾಜ್ಯ ಗ್ರಾಹಕ ಆಯೋಗಕ್ಕೆ ಹೋಗಬೇಕಾಗುತ್ತದೆ.

ತೊಂದರೆ ಹುಟ್ಟಿದ ದಿನದಿಂದ ಎರಡು ವರ್ಷದ ಒಳಗೆ ದೂರು ಸಲ್ಲಿಸಬೇಕು. ‘ಮುಂದಿನ ಸರ್ವಿಸಿನಲ್ಲಿ ನೋಡೋಣ’ ಅಂತ ಅವರು ದಿನ ತಳ್ಳುವಾಗಲೂ ಆ ಎರಡು ವರ್ಷ ಕರಗುತ್ತಿರುತ್ತದೆ. ದೋಷ ಕಣ್ಣಿಗೆ ಕಾಣುವಂಥದ್ದು ಅಲ್ಲದಿದ್ದರೆ ಆಯೋಗ ತಜ್ಞರ ಪರೀಕ್ಷೆಗೆ ಕಳಿಸಬಹುದು. ಅದರ ಖರ್ಚನ್ನು ಮೊದಲು ನೀವೇ ಕಟ್ಟಬೇಕಾಗಬಹುದು, ಅದಕ್ಕೆ ಸಿದ್ಧರಾಗಿರಿ.

ನಿಮ್ಮಲ್ಲಿ ಯಾರಾದರೂ ವಾರಂಟಿ ಪುಸ್ತಕ ತಂದಿದ್ದರೆ ಮುಂದೆ ಬನ್ನಿ. ಯಾವ ಸಾಲು ಅರ್ಥವಾಗಿಲ್ಲವೋ ಅದನ್ನು ಕೂತು ಓದೋಣ.