ಯಾರ ಹನ್ನೆರಡು ಗಂಟೆ?

ಎಲ್ಲರಿಗೂ ನಮಸ್ಕಾರ.

ನಾಳೆ ಏಪ್ರಿಲ್ 24. ನಮ್ಮೂರಿಗೆ ಶೂನ್ಯ ನೆರಳಿನ ದಿನ. ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು ನೆಟ್ಟಗೆ ನಿಂತದ್ದರ ನೆರಳು ಬುಡದಲ್ಲೇ ಅಡಗುವ ದಿನ ಅಂತ ಈ ಸಭೆಗೆ ನಾನು ಹೇಳಬೇಕಾಗಿಲ್ಲ. ಮುಂದಿನ ಸಾಲಿನಲ್ಲಿ ಕೂತವರಲ್ಲಿ ಅರ್ಧ ಜನ ವಿಜ್ಞಾನದ ಟೀಚರುಗಳೇ. ನನಗೆ ಇವತ್ತು ಮಾತಾಡಬೇಕು ಅನ್ನಿಸಿದ್ದು ಬೇರೆ ಕಾರಣಕ್ಕೆ. ನಮ್ಮ ಕರಪತ್ರದಲ್ಲಿ "ಮಂಗಳೂರಿನಲ್ಲಿ ಮಧ್ಯಾಹ್ನ 12.28ಕ್ಕೆ ಸೂರ್ಯ ನೆತ್ತಿಯ ಮೇಲೆ" ಅಂತ ಹಾಕಿದ್ದೆವು. ನೋಡಿದವರೆಲ್ಲ ಕೇಳಿದ್ದು ಒಂದೇ: "ಅದು ಪ್ರಿಂಟ್ ಮಿಸ್ಟೇಕಾ ಸರ್? ಹನ್ನೆರಡು ಗಂಟೆಗೆ ಅಲ್ವಾ?"

ಯಾರ ಹನ್ನೆರಡು ಗಂಟೆ, ಸ್ವಾಮಿ?

ನಿಮ್ಮ ಕೈಗಡಿಯಾರದ ಹನ್ನೆರಡು ಉತ್ತರ ಪ್ರದೇಶದ್ದು. ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ನಾವು ಆ ಗೆರೆಯಿಂದ ಏಳೂವರೆ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಪಶ್ಚಿಮಕ್ಕೆ ಇದ್ದೇವೆ. ಅಂದರೆ ಸೂರ್ಯ ನಮ್ಮಲ್ಲಿಗೆ ಅರ್ಧ ಗಂಟೆ ತಡವಾಗಿ ಬರುತ್ತಾನೆ. ಆದರೆ ಏಪ್ರಿಲ್ ಕೊನೆಯಲ್ಲಿ ಅವನು ಗಡಿಯಾರಕ್ಕಿಂತ ಎರಡು ನಿಮಿಷ ಮುಂದೆ ಓಡುತ್ತಿರುತ್ತಾನೆ. ಅದನ್ನು ಕಳೆದರೆ 12.28. ಬೆಂಗಳೂರಿನವರಿಗೆ ನಾಳೆಯೇ 12.17ರ ಹೊತ್ತಿಗೆ ಆಗುತ್ತದೆ. ಬೆಂಗಳೂರಿನವರು ನಮಗಿಂತ ಮುಂದೆ ಇರುವುದು ಇದೊಂದರಲ್ಲಿ ಅಂತ ಇಟ್ಟುಕೊಳ್ಳೋಣ.

ನಾಳೆ ಶುಕ್ರವಾರ ಬೇರೆ. ಶುಕ್ರವಾರದ ರಾಹುಕಾಲ ಎಷ್ಟಕ್ಕೆ? ನೋಡಿ, ಎಲ್ಲರಿಗೂ ಬಾಯಿಪಾಠ: ಹತ್ತೂವರೆಯಿಂದ ಹನ್ನೆರಡು. ಈ ಲೆಕ್ಕ ಎಲ್ಲಿಂದ ಬಂತು? ಹಗಲನ್ನು ಎಂಟು ಪಾಲು ಮಾಡಿದರೆ ಶುಕ್ರವಾರ ರಾಹುವಿಗೆ ನಾಲ್ಕನೆಯ ಪಾಲು. ಅಂದರೆ ಅದು ಮುಗಿಯುವುದು ಸರಿಯಾಗಿ ನಡು ಹಗಲಿಗೆ. ನಮ್ಮೂರಿನ ನಡು ಹಗಲು ನಾಳೆ 12.28ಕ್ಕೆ! ಹನ್ನೆರಡು ಹೊಡೆಯಿತು, ರಾಹು ಹೋದ ಅಂತ 12.05ಕ್ಕೆ ಹೊಸ ಕಾರು ಶೋರೂಮಿನಿಂದ ಹೊರಗೆ ತೆಗೆಯುತ್ತೀರಲ್ಲ, ರಾಹು ಹಿಂದಿನ ಸೀಟಿನಲ್ಲಿ ಕೂತಿರುತ್ತಾನೆ. ನಾನು ರಾಹುಕಾಲ ನಂಬುವವನಲ್ಲ. ಆದರೆ ನಂಬುವವರಾದರೂ ಸರಿಯಾಗಿ ನಂಬಬೇಕಲ್ವಾ? ಒಳ್ಳೆಯ ಪಂಚಾಂಗದವರು ಊರಿನ ಸೂರ್ಯೋದಯ ನೋಡಿಯೇ ಲೆಕ್ಕ ಹಾಕುತ್ತಾರೆ. ಹಿಂದೆ ಮದುವೆ ಮನೆಯಲ್ಲಿ ಗಳಿಗೆ ಬಟ್ಟಲು ಇಡುತ್ತಿದ್ದರು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲು, ನೀರು ತುಂಬಿ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ಎಣಿಕೆ ಶುರುವಾಗುತ್ತಿದ್ದದ್ದು ಆ ಊರಿನ ಸೂರ್ಯೋದಯದಿಂದ. ಅಲ್ಲಿ 'ಯಾರ ಹನ್ನೆರಡು' ಅನ್ನುವ ಜಗಳವೇ ಇಲ್ಲ.

ಜಗಳ ತಂದದ್ದು ರೈಲು ಮತ್ತು ತಂತಿ, ಅಂದರೆ ಟೆಲಿಗ್ರಾಫ್. ಊರಿಗೊಂದು ಹನ್ನೆರಡು ಗಂಟೆ ಇಟ್ಟುಕೊಂಡರೆ ಅವು ನಡೆಯುವುದು ಹೇಗೆ? ಇದು ನನಗೆ ತುಂಬಾ ಇಷ್ಟದ ಕಥೆ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. ಮದರಾಸಿನ ಸಮಯ ಲಂಡನ್ನಿನ ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ ಮುಂದೆ. ಮುಂಬೈ ಅದಕ್ಕಿಂತ ಅರ್ಧ ಗಂಟೆ ಹಿಂದೆ, ಕಲ್ಕತ್ತಾ ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ ಮುಂದೆ. ಮದರಾಸು ಹೆಚ್ಚುಕಮ್ಮಿ ನಡುವೆ ಬರುತ್ತದೆ, ಅಲ್ಲಿ ವೀಕ್ಷಣಾಲಯವೂ ಇತ್ತು. ಹಾಗಾಗಿ ರೈಲಿನವರು ಮದರಾಸು ಸಮಯ ಹಿಡಿದರು. 1881ರಲ್ಲಿ ಮುಂಬೈ ಗವರ್ನರ್ ಜೇಮ್ಸ್ ಫರ್ಗುಸನ್ ಸರ್ಕಾರಿ ಕಚೇರಿಗಳೂ ಮದರಾಸು ಸಮಯದಲ್ಲೇ ನಡೆಯಲಿ ಅಂದ. ಮುಂಬೈಯವರು ಬಿಡುತ್ತಾರಾ? ನಮ್ಮ ಹನ್ನೆರಡು ಗಂಟೆಯನ್ನು ಮದರಾಸಿನವರು ಹೇಳುವುದಾ! ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರದ ಗಡಿಯಾರ ಮುಂಬೈ ಸಮಯವನ್ನೇ ತೋರಿಸುತ್ತಿತ್ತು. ಹಾಗಾದರೆ ರಾತ್ರಿ ಅದಕ್ಕೆ ದೀಪ ಹಚ್ಚುವ ಖರ್ಚು ನಾವು ಕೊಡಲ್ಲ ಅಂತ ಸರ್ಕಾರ ಮುನಿಸಿಕೊಂಡಿತು. ಕೊನೆಗೆ 1883ರಲ್ಲಿ ಸೋತದ್ದು ಸರ್ಕಾರ.

1906ರ ಜನವರಿ 1ಕ್ಕೆ ಭಾರತೀಯ ಪ್ರಮಾಣಿತ ಸಮಯ, ಅಂದರೆ ಆ ಮಿರ್ಜಾಪುರದ ಗೆರೆಯ ಸಮಯ, ಬಂತು. ಮುಂಬೈ ಗಡಿಯಾರ 39 ನಿಮಿಷ ಮುಂದೆ ಹೋಗಬೇಕು. ಬಟ್ಟೆ ಗಿರಣಿಯ ಕೆಲಸಗಾರರು ಕೆಲಸ ಬಿಟ್ಟು ಹೊರಗೆ ಬಂದರು, ಕಲ್ಲು ಬಿದ್ದವು. ಸುಮ್ನೆ ಹಠ ಅಂತ ನಗಬೇಡಿ. ಸೈರನ್ನಿಗೆ ಓಡಿ ಬರುವವನಿಗೆ 39 ನಿಮಿಷ ಅಂದರೆ ಕತ್ತಲಲ್ಲಿ ಏಳುವುದು. ಕಲ್ಕತ್ತಾ 1948ರವರೆಗೆ ತನ್ನ ಸಮಯ ಬಿಡಲಿಲ್ಲ. ಮುಂಬೈ 1950ರ ದಶಕದವರೆಗೂ ಎಳೆಯಿತು.

ನಮ್ಮೂರಲ್ಲಿ ಯಾರೂ ಕಲ್ಲು ಹೊಡೆದ ಸುದ್ದಿ ಇಲ್ಲ. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಅಷ್ಟು ಹೊತ್ತಿಗೆ ರೈಲಿನ ಗಡಿಯಾರಗಳೆಲ್ಲ ಹೊಸ ಸಮಯಕ್ಕೆ ತಿರುಗಿ ಆಗಿತ್ತು. ಲೆಕ್ಕ ಹಾಕಿ ನೋಡಿ, ನಮ್ಮ ಸ್ವಂತ ಸಮಯ ಗ್ರೀನಿಚ್‌ಗಿಂತ ಹೆಚ್ಚುಕಮ್ಮಿ ಸರಿಯಾಗಿ ಐದು ಗಂಟೆ ಮುಂದೆ. ಎಷ್ಟು ಚಂದದ ಸಂಖ್ಯೆ! ಕೇಳುವವರಿಲ್ಲ.

ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ, ಐದು ನಿಮಿಷ ಅಂತೆ. ಮಿರ್ಜಾಪುರದ ಐದು ನಿಮಿಷ. ಹಾಗಾಗಿ ಉಳಿದದ್ದನ್ನು ಓಡಿಸುತ್ತೇನೆ.

ಎರಡು ಸಮಯ ವಲಯ ಬೇಕಾ? ಗುಜರಾತಿನಿಂದ ಅರುಣಾಚಲಕ್ಕೆ ಸೂರ್ಯನ ಲೆಕ್ಕದಲ್ಲಿ ಹತ್ತಿರ ಹತ್ತಿರ ಎರಡು ಗಂಟೆ ಅಂತರ. ಅಸ್ಸಾಮಿನ ಚಹಾ ತೋಟಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಕೆಲಸ ಮಾಡುವ ರೂಢಿ ಬ್ರಿಟಿಷರ ಕಾಲದ್ದು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರು 2018ರಲ್ಲಿ ಪೂರ್ವಕ್ಕೆ ಬೇರೆ ಸಮಯ ಕೊಡಬಹುದು ಅಂತ ಬರೆದರು. ಕೊಡಲಿ ಅನ್ನುವವನು ನಾನು. ನಾಲ್ಕು ಗಂಟೆಗೇ ಬೆಳಗಾಗುವ ಊರಿನ ಮಕ್ಕಳು ಹತ್ತು ಗಂಟೆಗೆ ಶಾಲೆಗೆ ಹೋಗುವುದು ಯಾವ ನ್ಯಾಯ? ಅವರೂ ಕೇಳುತ್ತಿರುವುದು ನನ್ನ ಪ್ರಶ್ನೆಯನ್ನೇ.

ಗಡಿಯಾರದ ಮುಖದ ಬಗ್ಗೆ ಹೇಳಬೇಕಂತಿದ್ದೆ. ರೋಮನ್ ಅಂಕಿಯ ಗಡಿಯಾರಗಳಲ್ಲಿ ನಾಲ್ಕನ್ನು ಹೆಚ್ಚಾಗಿ ನಾಲ್ಕು ಗೀಟು ಹಾಕಿ ಬರೆಯುತ್ತಾರೆ, ಶಾಲೆಯಲ್ಲಿ ಕಲಿಸಿದ ಹಾಗೆ ಅಲ್ಲ. ಅದಕ್ಕೆ ಜನ ಕೊಡುವ ಕಾರಣಗಳೇ ಬೇಕಾದಷ್ಟಿವೆ. ಚಹಾ ಕುಡಿಯುವಾಗ ಕೇಳಿ, ಹೇಳುತ್ತೇನೆ. ಈಗ ಅಧ್ಯಕ್ಷರು ಎದ್ದು ನಿಂತಿದ್ದಾರೆ.