ಜೊತೆಗಾರರಿಲ್ಲದ ಗಾಲ್ಫ್

ಕೇಳುಗರೆಲ್ಲರಿಗೂ ನಮಸ್ಕಾರ.

ನೀಲಗಿರಿಯಲ್ಲಿ ನೆಲೆ ನಿಂತಿರುವ ನಮ್ಮಂಥ ಕನ್ನಡದ ಮನೆಗಳಲ್ಲಿ ಗಾಲ್ಫ್ ಎಂದರೆ ಇಂದಿಗೂ ದೊರೆಗಳ ಆಟ. ಊಟಿಯ ಫಿಂಗರ್ ಪೋಸ್ಟ್ ಬಳಿ ಗಾಲ್ಫ್ ಮೈದಾನವಿದೆ ಎಂಬುದು ಎಲ್ಲರಿಗೂ ಗೊತ್ತು, ಒಳಗೆ ಕಾಲಿಟ್ಟವರು ಮಾತ್ರ ಕಡಿಮೆ. ಅಂಥದ್ದರಲ್ಲಿ ಒಬ್ಬರೇ ಆಡುವವರನ್ನು ಕಂಡರೆ, ‘ಪಾಪ, ಜೊತೆಗೆ ಯಾರೂ ಸಿಗಲಿಲ್ಲವೇ?’ ಎನ್ನುತ್ತಾರೆ. ಆ ಅನುಕಂಪಕ್ಕೆ ಕಾರಣವಿಲ್ಲ. ಒಬ್ಬರೇ ಆಡುವ ಗಾಲ್ಫ್ ಅರೆಬರೆ ಆಟವಲ್ಲ, ಅದು ಪೂರ್ತಿ ಆಟ. ಅದನ್ನು ಹೇಳಲೆಂದೇ ಇಂದು ನಿಮ್ಮ ಮುಂದೆ ಬಂದಿದ್ದೇನೆ.

ಮೊದಲು ನೆಲದ ಮಾತು. 1891ರಿಂದ 1896ರವರೆಗೆ ಮದರಾಸಿನ ಗವರ್ನರ್ ಆಗಿದ್ದ ಲಾರ್ಡ್ ವೆನ್‌ಲಾಕ್ ಅವರ ಹೆಸರು ಹೊತ್ತ ವೆನ್‌ಲಾಕ್ ಡೌನ್ಸ್ ಹುಲ್ಲುಗಾವಲಿನ ಭಾಗ ಇದು. ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರ. ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಐದನೇ ಒಂದು ಪಾಲಿನಷ್ಟು ತೆಳು. ಹಾಗಾಗಿ ಬೆಂಗಳೂರಿನಲ್ಲಿ ಆಡಿ ರೂಢಿಯಾದವರ ಚೆಂಡು ಇಲ್ಲಿ ಅವರ ಅಂದಾಜು ಮೀರಿ ಮುಂದೆ ಹೋಗಿ ಬೀಳುತ್ತದೆ. ಬಿದ್ದದ್ದು ಗಾರ್ಸ್ ಪೊದೆಯಲ್ಲಾದರೆ ಕಥೆ ಮುಗಿಯಿತು. ಬ್ರಿಟಿಷರ ಕಾಲದಲ್ಲಿ ಬಂದ, ಹಳದಿ ಹೂ ಬಿಡುವ ಮುಳ್ಳಿನ ಗಿಡ ಅದು. ಎಲೆ ಇರಬೇಕಾದ ಕಡೆಯೆಲ್ಲ ಹಸಿರು ಮುಳ್ಳೇ. ಕೈ ಹಾಕಿದರೆ ಅಂಗಿಯ ತೋಳು ಬಿಡಿಸಿಕೊಳ್ಳುವುದೂ ಕಷ್ಟ.

ನಾಲ್ವರು ಒಟ್ಟಿಗೆ ಆಡಿದರೆ 18 ಹೋಲ್‌ಗಳಿಗೆ, ಅಂದರೆ ಚೆಂಡನ್ನು ಒಂದಾದ ಮೇಲೊಂದರಂತೆ 18 ಕುಳಿಗಳಿಗೆ ಸೇರಿಸಲು, ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಬೇಕು, ಅದರಲ್ಲಿ ಬಹುಪಾಲು ಕಾಯುವುದೇ. ಒಬ್ಬರೇ ಇದ್ದಾಗ ನಡಿಗೆಗೂ ಹೊಡೆತಕ್ಕೂ ನಡುವೆ ಬಿಡುವಿಲ್ಲ. ಚೆಂಡಿನ ಹಿಂದೆ ಹೋದೆ, ನಿಂತೆ, ಗಾಳಿ ನೋಡಿದೆ, ಹೊಡೆದೆ. ‘ಭೇಷ್’ ಎನ್ನುವವರೂ ಇಲ್ಲ, ಸಮಾಧಾನ ಹೇಳುವವರೂ ಇಲ್ಲ. ಹೊಡೆತ ಹೇಗಿತ್ತು ಎಂಬುದನ್ನು ಕೈಗೆ ತಾಕಿದ ಕಂಪನವೇ ಹೇಳಬೇಕು.

ಬೆಳಗ್ಗೆ ಮೊದಲಿಗರಾಗಿ ಹೋದರೆ ಇನ್ನೊಂದು ಲಾಭವಿದೆ. ಗ್ರೀನ್ ಮೇಲೆ, ಅಂದರೆ ಕುಳಿಯ ಸುತ್ತ ಹುಲ್ಲನ್ನು ನುಣ್ಣಗೆ ಕತ್ತರಿಸಿದ ನೆಲದ ಮೇಲೆ, ಇಬ್ಬನಿ ಬೆಳ್ಳಗೆ ಹಾಸಿರುತ್ತದೆ. ಪಟರ್ ಎಂಬ ಕೋಲಿನಿಂದ ಚೆಂಡನ್ನು ಮೆಲ್ಲಗೆ ತಳ್ಳಿದರೆ ಅದು ಇಬ್ಬನಿ ಒರೆಸಿಕೊಂಡು ಉರುಳುತ್ತದೆ, ಹಿಂದೆ ಕಡುಹಸಿರಿನ ಗೆರೆಯೊಂದು ಉಳಿಯುತ್ತದೆ. ಮೊದಲು ನೇರ. ವೇಗ ತಗ್ಗಿದಂತೆ ಇಳಿಜಾರಿನ ಕಡೆಗೆ ಬಾಗು. ಕುಳಿಯ ಹತ್ತಿರ ಬಂದಾಗ ಆ ಬಾಗು ಇನ್ನೂ ಹೆಚ್ಚು. ಬರಿಗಣ್ಣಿಗೆ ಸಪಾಟಾಗಿ ಕಂಡ ನೆಲ ಎಲ್ಲಿ ವಾಲಿದೆ ಎಂದು ಆ ಗೆರೆ ತೋರಿಸಿಕೊಡುತ್ತದೆ. ಆ ಹೋಲ್ ಮುಗಿಸಿದ ಮೇಲೆ ಅದೇ ಗ್ರೀನ್‌ನಲ್ಲಿ ಒಂದೆರಡು ಸಲ ಅಭ್ಯಾಸಕ್ಕೆ ಪಟ್ ಮಾಡಲು ನಿಯಮದಲ್ಲೇ ಅವಕಾಶವಿದೆ, ಕ್ಲಬ್ಬಿನವರು ಬೇಡವೆಂದಿರಬಾರದು ಮತ್ತು ಆಟ ತಡವಾಗಬಾರದು, ಅಷ್ಟೆ. ಹಿಂದೆ ಯಾರೂ ಕಾಯದ ಬೆಳಗಿನಲ್ಲಿ ನಾನು ಆ ಗೆರೆಯ ಪಕ್ಕದಲ್ಲೇ ಇನ್ನೊಂದು ಗೆರೆ ಎಳೆದು ನೋಡುತ್ತೇನೆ. ಇಂಥ ಪಾಠ ನನಗೆ ಬೇರೆ ಯಾವ ವಿಧದಲ್ಲೂ ಸಿಕ್ಕಿಲ್ಲ. ಆದರೆ ಡಿಸೆಂಬರ್, ಜನವರಿಯಲ್ಲಿ ಇಬ್ಬನಿ ಹೆಪ್ಪುಗಟ್ಟಿದ ದಿನ ಬಿಸಿಲೇರುವ ತನಕ ಕಾಯಲೇಬೇಕು. ಹೆಪ್ಪುಗಟ್ಟಿದ ಹುಲ್ಲನ್ನು ತುಳಿದರೆ ಹೆಜ್ಜೆ ಬಿದ್ದ ಕಡೆಯೆಲ್ಲ ಅದು ಕಂದಿಹೋಗುತ್ತದೆ.

ಇನ್ನು ಲೆಕ್ಕದ ವಿಚಾರ. ಕಳೆದುಹೋದ ಚೆಂಡನ್ನು ಹುಡುಕಲು ಹಿಂದೆ ಐದು ನಿಮಿಷ ಕೊಡುತ್ತಿದ್ದರು, 2019ರಿಂದ ಮೂರೇ ನಿಮಿಷ. ಗಾರ್ಸ್ ಪೊದೆಯ ಮುಂದೆ ಒಬ್ಬರೇ ನಿಂತಾಗ ಗಡಿಯಾರ ನೋಡುವವರು ಯಾರು? ನಾವೇ. ಚೆಂಡು ಸಿಕ್ಕರೂ ಆಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಒಂದು ದಂಡದ ಹೊಡೆತ ಬರೆದುಕೊಂಡು ಈಚೆ ಬರಬೇಕು. ಬರೆಯುವವರೂ ನಾವೇ. 1925ರ ಅಮೆರಿಕನ್ ಓಪನ್‌ನಲ್ಲಿ ಹೆಸರಾಂತ ಆಟಗಾರ ಬಾಬಿ ಜೋನ್ಸ್ ಹೊಡೆಯಲು ಅಣಿಯಾಗುವಾಗ ಚೆಂಡು ಕೂದಲೆಳೆಯಷ್ಟು ಅಲುಗಿತು. ಬೇರೆ ಯಾರೂ ಅದನ್ನು ಕಾಣಲಿಲ್ಲ. ಅವರೇ ಹೇಳಿ ದಂಡ ಹಾಕಿಸಿಕೊಂಡರು. ಕೊನೆಗೆ ವಿಲ್ಲಿ ಮ್ಯಾಕ್‌ಫರ್ಲೇನ್ ಜೊತೆ ಸಮವಾಗಿ, ಪ್ಲೇಆಫ್‌ನಲ್ಲಿ ಸೋತರು. ಸಾವಿರಾರು ಜನರ ನಡುವೆ ಇದ್ದರೂ ಆ ಗಳಿಗೆಯಲ್ಲಿ ಜೋನ್ಸ್ ಒಬ್ಬರೇ ಆಡುತ್ತಿದ್ದರು ಎಂದು ನನಗನ್ನಿಸುತ್ತದೆ.

ಹಾಗಿದ್ದರೂ ಒಂಟಿ ಆಟಗಾರರಿಗೆ ಗಾಲ್ಫ್ ಲೋಕ ಅಷ್ಟೇನೂ ಮರ್ಯಾದೆ ಕೊಟ್ಟಿರಲಿಲ್ಲ. ಒಬ್ಬರೇ ಆಡುವವರಿಗೆ ಮೈದಾನದಲ್ಲಿ ಹಕ್ಕಿಲ್ಲ, ಎಲ್ಲರಿಗೂ ದಾರಿ ಬಿಡಬೇಕು ಎಂದು ನಿಯಮಪುಸ್ತಕದ ಶಿಷ್ಟಾಚಾರದ ಭಾಗ ಬಹಳ ಕಾಲ ಹೇಳುತ್ತಿತ್ತು. 2004ರ ಪರಿಷ್ಕರಣೆಯಲ್ಲಿ ಅದು ಹೋಯಿತು. ಆಟದ ವೇಗ ನೋಡಿ ದಾರಿ ಬಿಡಬೇಕು, ಒಬ್ಬರಿದ್ದರೂ ಅದು ಒಂದು ತಂಡವೇ ಎಂದಾಯಿತು. ಹ್ಯಾಂಡಿಕ್ಯಾಪ್, ಅಂದರೆ ಆಟಗಾರರ ಮಟ್ಟ ಅಳೆಯುವ ಅಂಕಿಯ ವಿಚಾರದಲ್ಲಿ ಮಾತ್ರ ಬಾಗಿಲು ಮುಚ್ಚಿತು. ಒಬ್ಬರೇ ಆಡಿದ ಸ್ಕೋರನ್ನು ಅಮೆರಿಕದ ಗಾಲ್ಫ್ ಸಂಘ 2016ರಿಂದ ಒಪ್ಪುವುದಿಲ್ಲ. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ವ್ಯವಸ್ಥೆಗೂ ಜೊತೆಯಲ್ಲಿ ಕನಿಷ್ಠ ಇನ್ನೊಬ್ಬರು ಇರಬೇಕು. ಇದರಲ್ಲಿ ನನ್ನ ತಕರಾರಿಲ್ಲ. ಸ್ಪರ್ಧೆಗೆ ಸಾಕ್ಷಿ ಬೇಕು, ನ್ಯಾಯ. ಆದರೆ ದಾಖಲೆಗೆ ಸೇರದ ಆಟ ಲೆಕ್ಕಕ್ಕಿಲ್ಲದ ಆಟ ಎಂದುಕೊಳ್ಳುವವರನ್ನು ನಾನು ಒಪ್ಪಲಾರೆ. ನನ್ನ ಒಂಟಿ ಆಟದ ಕಾರ್ಡುಗಳನ್ನು ದಂಡದ ಹೊಡೆತಗಳ ಸಮೇತ ಜೋಪಾನ ಮಾಡಿಟ್ಟಿದ್ದೇನೆ.

ಹೊಸಬರಿಗೆ ಒಂದೆರಡು ಮಾತು. ಚೀಲದಲ್ಲಿ 14 ಕ್ಲಬ್‌ಗಳಿಗಿಂತ, ಅಂದರೆ ಚೆಂಡು ಹೊಡೆಯುವ ಕೋಲುಗಳಿಗಿಂತ, ಹೆಚ್ಚು ಇರಬಾರದೆಂಬ ನಿಯಮವಿದೆಯೇ ಹೊರತು ಇಷ್ಟಾದರೂ ಇರಲೇಬೇಕೆಂಬ ನಿಯಮವಿಲ್ಲ. ಒಂದು ಏಳನೇ ಐರನ್, ಒಂದು ಪಟರ್ ಎರವಲು ಸಿಕ್ಕರೂ ಕಲಿಯಲು ತೊಡಗಬಹುದು. ಮಂಜು ಕವಿದರೆ ಆಟ ನಿಲ್ಲಿಸಿ. ಒಂಟಿಯಾಗಿ ಹೊರಡುವ ಮುನ್ನ ಆಟಗಾರರ ಚೀಲ ಹೊರುವ ಕ್ಯಾಡಿಗಳ ಹತ್ತಿರ ಹೇಳಿ ಹೋಗಿ. ಊಟಿ, ಕೂನೂರುಗಳಲ್ಲಿ ಊರೊಳಗೇ ಕಾಟಿಗಳು ತಿರುಗಾಡುತ್ತವೆ, ಅವು ಯಾವ ದಿಕ್ಕಿನಲ್ಲಿವೆ ಎಂಬುದು ಕ್ಯಾಡಿಗಳಿಗೆ ತಿಳಿದಿರುತ್ತದೆ.

ಮೈದಾನ ನಡೆಸುವವರಲ್ಲೂ ಒಂದು ಅರಿಕೆ. ವಾರದ ನಡುವಿನ ದಿನಗಳಲ್ಲಿ ಬೆಳಗಿನ ಮೊದಲ ಒಂದು ಗಂಟೆಯನ್ನು ಒಬ್ಬರೇ ಬರುವವರಿಗೆ ಬಿಟ್ಟುಕೊಡಿ. ಅದರಲ್ಲಿ ಒಂದು ಪಾಲನ್ನು, ಚೀಲ ಹೊತ್ತು ಆಟ ಕಲಿತ ಕ್ಯಾಡಿಗಳಿಗೂ ಅವರ ಮಕ್ಕಳಿಗೂ ಶುಲ್ಕವಿಲ್ಲದೆ ಕೊಡಿ. ಈ ಇಳಿಜಾರುಗಳನ್ನು ಅವರಷ್ಟು ಬಲ್ಲವರು ಇನ್ನೊಬ್ಬರಿಲ್ಲ, ಇಷ್ಟು ವರ್ಷ ಅವರು ನಡೆದದ್ದು ನಮ್ಮ ಚೆಂಡಿನ ಹಿಂದೆ.

ನಮಸ್ಕಾರ.